ಓಡುವ ಗಡಿಯಾರ, ನಿಂತ ಗಡಿಯಾರ: ಕಾಲ ಹಿಗ್ಗುವುದನ್ನು ಕಲಿಸುವವರ ಪ್ರಶ್ನೆಗಳು

ವಿಶೇಷ ಸಾಪೇಕ್ಷತಾ ಸಿದ್ಧಾಂತದ ಪಾಠದ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಶಿಕ್ಷಕರವು. ಕೆಲವು ವಿದ್ಯಾರ್ಥಿಗಳವೂ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಸೂತ್ರವನ್ನು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಲೆಕ್ಕವನ್ನೂ ಮಾಡುತ್ತಾರೆ. ಆದರೆ ಕಾಲ ಏಕೆ ಹಿಗ್ಗುತ್ತದೆ, ಅಂದರೆ ಓಡುವ ಗಡಿಯಾರ ಏಕೆ ನಿಧಾನವಾಗುತ್ತದೆ ಎಂದು ಕೇಳಿದರೆ ಮೌನ. ಎಲ್ಲಿಂದ ಶುರು ಮಾಡಬೇಕು?

ಸೂತ್ರವನ್ನು ಪಕ್ಕಕ್ಕಿಟ್ಟು ಗ್ರಾಫ್ ಹಾಳೆ, ಅಳತೆಪಟ್ಟಿ ಮತ್ತು ಕೈವಾರದಿಂದ ಶುರು ಮಾಡಿ. ಅದಕ್ಕೂ ಮೊದಲು ಹತ್ತು ನಿಮಿಷ ಚೆಂಡಿನ ಲೆಕ್ಕಕ್ಕೆ ಕೊಡಿ. ಈ ಹೆಜ್ಜೆಯನ್ನು ಬಿಟ್ಟರೆ ಮುಂದಿನದು ನಿಲ್ಲುವುದಿಲ್ಲ.

ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಹೋಗುವ ರೈಲಿನ ನೆಲದ ಮೇಲೆ ಒಂದು ಚೆಂಡನ್ನು ಅಡ್ಡಕ್ಕೆ, ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಉರುಳಿಸುತ್ತೇವೆ. ಹೊರಗೆ ನಿಂತವರಿಗೆ ಚೆಂಡು ಓರೆಯಾಗಿ ಸಾಗಿದಂತೆ ಕಾಣುತ್ತದೆ. ಅದು ಸಾಗಿದ ದಾರಿ ಉದ್ದ, ನಿಜ. ಆದರೆ ಹೊರಗಿನವರ ಅಳತೆಯಲ್ಲಿ ಚೆಂಡಿನ ವೇಗವೂ ಹೆಚ್ಚು, ಸೆಕೆಂಡಿಗೆ 10 ಮೀಟರ್. ದಾರಿ ಎಷ್ಟು ಪಟ್ಟು ಉದ್ದವಾಯಿತೋ ವೇಗವೂ ಅಷ್ಟೇ ಪಟ್ಟು ಹೆಚ್ಚಿತು. ಹಾಗಾಗಿ ಇಬ್ಬರ ಗಡಿಯಾರದಲ್ಲೂ ಒಂದೇ ಸಮಯ ಬರುತ್ತದೆ. ಇದನ್ನು ಮಕ್ಕಳೇ ಲೆಕ್ಕ ಹಾಕಿ ನೋಡಲಿ.

ಈಗ ಚೆಂಡಿನ ಜಾಗಕ್ಕೆ ಬೆಳಕನ್ನು ತನ್ನಿ. ಐನ್‌ಸ್ಟೈನ್ 1905ರಲ್ಲಿ ಇಟ್ಟ ಎರಡನೆಯ ಆಧಾರ ತತ್ವ ಇದು: ನಿರ್ವಾತದಲ್ಲಿ ಬೆಳಕಿನ ವೇಗ ಸಮವೇಗದಲ್ಲಿ ಸಾಗುವ ಎಲ್ಲ ವೀಕ್ಷಕರಿಗೂ ಒಂದೇ, ಸೆಕೆಂಡಿಗೆ 29,97,92,458 ಮೀಟರ್. ದಾರಿ ಉದ್ದವಾದರೂ ವೇಗ ಹೆಚ್ಚುವಂತಿಲ್ಲ. ಚೆಂಡಿನ ಲೆಕ್ಕದಲ್ಲಿ ನಮ್ಮನ್ನು ಕಾಪಾಡಿದ್ದು ಇಲ್ಲಿ ಕೈಕೊಡುತ್ತದೆ. ಉಳಿದದ್ದೆಲ್ಲ ಇದರಿಂದಲೇ ಹೊರಡುತ್ತದೆ.

ಎದುರುಬದುರಾದ ಎರಡು ಕನ್ನಡಿಗಳ ನಡುವೆ ಬೆಳಕು ಮೇಲೆ ಕೆಳಗೆ ಪುಟಿಯುತ್ತಿದ್ದರೆ ಅದೇ ಬೆಳಕಿನ ಗಡಿಯಾರ, ಬೆಳಕು ಒಮ್ಮೆ ಹೋಗಿ ಬಂದರೆ ಒಂದು ಸುತ್ತು. ಹಾಳೆಯ ಮೇಲೆ 8 ಸೆಂ.ಮೀ. ಅಂತರದಲ್ಲಿ ಎರಡು ಸಮಾನಾಂತರ ಗೆರೆಗಳನ್ನು ಎಳೆಯಿಸಿ. ಕೆಳಗಿನ ಕನ್ನಡಿಗಳು ಒಂದು ಗೆರೆಯ ಮೇಲೆ, ಮೇಲಿನವು ಇನ್ನೊಂದರ ಮೇಲೆ. ಎಡಗಡೆ ನಿಂತ ಗಡಿಯಾರ: ಬೆಳಕು ಕೆಳಗಿನಿಂದ ಮೇಲಕ್ಕೆ 8 ಸೆಂ.ಮೀ. ನೇರ ಗೆರೆ. ಬಲಗಡೆ ಓಡುವ ಗಡಿಯಾರ: ಕೆಳಗಿನ ಗೆರೆಯ ಮೇಲೆ ಒಂದು ಬಿಂದು ಗುರುತಿಸಿ, ಅಲ್ಲಿ ಕೈವಾರದ ಮೊನೆ ಊರಿ, 10 ಸೆಂ.ಮೀ. ತೆರೆದು, ಮೇಲಿನ ಗೆರೆಯನ್ನು ಕತ್ತರಿಸುವಂತೆ ಕಂಸ ಎಳೆಯಿಸಿ. ಕಂಸ ತಾಗಿದ ಜಾಗ ಮೊದಲ ಬಿಂದುವಿನಿಂದ ಅಡ್ಡಕ್ಕೆ 6 ಸೆಂ.ಮೀ. ದೂರದಲ್ಲಿರುತ್ತದೆ. ಬೆಳಕು 10 ಸೆಂ.ಮೀ. ಹೋಗುವಷ್ಟರಲ್ಲಿ ಗಡಿಯಾರ 6 ಸೆಂ.ಮೀ. ಸರಿದಿದೆ. ಅಂದರೆ ಅದರ ವೇಗ ಬೆಳಕಿನ ವೇಗದ 0.6 ಭಾಗ.

ಈಗ ಮುಖ್ಯ ಪ್ರಶ್ನೆ ಕೇಳಿ: ಓಡುವ ಗಡಿಯಾರದ ಬೆಳಕು ಮೇಲಿನ ಕನ್ನಡಿಯನ್ನು ತಾಗಿದ ಗಳಿಗೆಯಲ್ಲಿ ನಿಂತ ಗಡಿಯಾರದ ಬೆಳಕು ಎಲ್ಲಿದೆ? ಅದೂ 10 ಸೆಂ.ಮೀ. ಸಾಗಿರಲೇಬೇಕು. 8 ಸೆಂ.ಮೀ. ಮೇಲೆ ಹೋಗಿ, ಕನ್ನಡಿಗೆ ಬಡಿದು, 2 ಸೆಂ.ಮೀ. ಕೆಳಗೆ ಬಂದಿದೆ. ಆ ಜಾಗದಲ್ಲಿ ಒಂದು ಚುಕ್ಕಿ ಇಡಿಸಿ. ನಿಂತ ಗಡಿಯಾರ ತನ್ನ ಅರ್ಧ ಸುತ್ತು ಮುಗಿಸಿ ಮುಂದೆ ಹೋಗಿದೆ, ಓಡುವುದು ಈಗಷ್ಟೇ ಅರ್ಧ ಸುತ್ತು ಮುಗಿಸಿದೆ. 10ನ್ನು 8ರಿಂದ ಭಾಗಿಸಿದರೆ 1.25. ಇದೇ ಗ್ಯಾಮಾ, ಕಾಲ ಎಷ್ಟು ಪಟ್ಟು ಹಿಗ್ಗಿತು ಎಂಬ ಸಂಖ್ಯೆ. ಮೇಲಿನ ಅಂತರವನ್ನು 6 ಸೆಂ.ಮೀ. ಮಾಡಿ ಮತ್ತೆ ಎಳೆದರೆ ಅಡ್ಡ ಸರಿತ 8, ವೇಗ 0.8, ಗ್ಯಾಮಾ 1.67. ಎರಡು ಚಿತ್ರ ಎಳೆದ ಮೇಲೆ ಪೈಥಾಗೊರಸ್ ಪ್ರಮೇಯವನ್ನು ಅಕ್ಷರಗಳಲ್ಲಿ ಬರೆದರೆ ಸೂತ್ರ ತಾನಾಗಿ ಬರುತ್ತದೆ. ವೇಗವನ್ನು ಬೆಳಕಿನ ವೇಗದ ಭಾಗವಾಗಿ ಬರೆದುಕೊಂಡು, ಅದರ ವರ್ಗವನ್ನು 1ರಿಂದ ಕಳೆದು, ವರ್ಗಮೂಲ ತೆಗೆದು, 1ನ್ನು ಅದರಿಂದ ಭಾಗಿಸಿದರೆ ಗ್ಯಾಮಾ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ, ಬರದಿದ್ದರೆ ನೀವೇ ಎತ್ತಿ. ಮೊದಲನೆಯದು: ಓಡುವ ಗಡಿಯಾರದ ಎತ್ತರವೂ ಬದಲಾಗಿರಬಾರದೇಕೆ? ಒಂದೇ ಉದ್ದದ ಎರಡು ಕೋಲುಗಳನ್ನು ನೆಟ್ಟಗೆ ನಿಲ್ಲಿಸಿ, ತುದಿಗೆ ಬಣ್ಣದ ಕುಂಚ ಕಟ್ಟಿ, ಒಂದನ್ನು ಇನ್ನೊಂದಕ್ಕೆ ತಾಗುವಂತೆ ಓಡಿಸಿದೆವು ಎನ್ನೋಣ. ಓಡುವ ಕೋಲು ಗಿಡ್ಡವಾಗುತ್ತದೆ ಎಂದಾದರೆ ಅದರ ಕುಂಚ ನಿಂತ ಕೋಲಿನ ತುದಿಗಿಂತ ಕೆಳಗೆ ಗೆರೆ ಬಳಿಯಬೇಕು. ಆದರೆ ಓಡುವ ಕೋಲಿನ ಜೊತೆ ಇದ್ದವರಿಗೆ ಓಡುತ್ತಿರುವುದು ಇನ್ನೊಂದು ಕೋಲು, ಗಿಡ್ಡವಾಗಬೇಕಾದದ್ದೂ ಅದೇ. ಬಳಿದ ಬಣ್ಣ ಯಾವ ಕೋಲಿನ ಮೇಲಿದೆ ಎಂಬುದರಲ್ಲಿ ಇಬ್ಬರಿಗೂ ಎರಡು ಮಾತು ಇರಲಾಗದು. ಹಾಗಾಗಿ ಚಲನೆಗೆ ಅಡ್ಡವಾದ ಉದ್ದ ಬದಲಾಗುವುದಿಲ್ಲ.

ಎರಡನೆಯದು: ನಿಧಾನವಾದದ್ದು ಬೆಳಕಿನ ಗಡಿಯಾರ ಮಾತ್ರವಲ್ಲವೇ, ಕೈಗಡಿಯಾರಕ್ಕೇನು? ಕೈಗಡಿಯಾರ ನಿಧಾನವಾಗದೆ ಬೆಳಕಿನ ಗಡಿಯಾರ ಮಾತ್ರ ನಿಧಾನವಾದರೆ, ಕಿಟಕಿಯಿಲ್ಲದ ನೌಕೆಯೊಳಗೆ ಕುಳಿತವರು ಎರಡನ್ನೂ ಹೋಲಿಸಿ ತಾವು ಚಲಿಸುತ್ತಿದ್ದೇವೆಂದು ಹೇಳಿಬಿಡಬಹುದು. ಸಮವೇಗವನ್ನು ಒಳಗಿನಿಂದ ಪತ್ತೆ ಮಾಡಲಾಗದು ಎಂಬ ಮೊದಲ ಆಧಾರ ತತ್ವ ಅಲ್ಲಿಗೆ ಬಿದ್ದುಹೋಗುತ್ತದೆ. ಹಾಗಾಗಿ ನೌಕೆಯಲ್ಲಿನ ಎಲ್ಲ ಗಡಿಯಾರಗಳೂ, ನಾಡಿಮಿಡಿತವೂ ಅದೇ ಪ್ರಮಾಣದಲ್ಲಿ ನಿಧಾನವಾಗಲೇಬೇಕು.

ಪ್ರಶ್ನೆ: ಲೆಕ್ಕದಲ್ಲಿ ಯಾವ ಸಮಯವನ್ನು ಗ್ಯಾಮಾದಿಂದ ಗುಣಿಸಬೇಕು, ಯಾವುದನ್ನು ಭಾಗಿಸಬೇಕು ಎಂಬಲ್ಲೇ ಅರ್ಧ ತರಗತಿ ಎಡವುತ್ತದೆ.

'ನಿಂತವರ ಸಮಯ', 'ಓಡುವವರ ಸಮಯ' ಎಂದು ಹೇಳಿಕೊಡುವುದರ ಫಲ ಇದು. ಯಾರು ನಿಂತವರು ಎಂಬುದೇ ಇಲ್ಲಿ ತೀರ್ಮಾನವಾಗದ ಮಾತು. ಲೆಕ್ಕಕ್ಕೆ ಇಳಿಯುವ ಮೊದಲು ಎರಡು ಘಟನೆಗಳನ್ನು ಬರೆಯಿಸಿ: ಮ್ಯೂಆನ್ (ಎಲೆಕ್ಟ್ರಾನಿನಂಥ, ಆದರೆ ಅದಕ್ಕಿಂತ ಭಾರವಾದ, ಬೇಗ ಅಳಿಯುವ ಕಣ) ಹುಟ್ಟಿತು, ಮ್ಯೂಆನ್ ಅಳಿಯಿತು. ಆಮೇಲೆ ಒಂದೇ ಪ್ರಶ್ನೆ: ಈ ಎರಡೂ ಘಟನೆಗಳ ಜಾಗದಲ್ಲಿ ಹಾಜರಿದ್ದ ಒಂದೇ ಗಡಿಯಾರ ಯಾರದು? ಆ ಗಡಿಯಾರ ತೋರಿದ್ದು ಸ್ವಂತ ಕಾಲ. ಅದೇ ಎಲ್ಲಕ್ಕಿಂತ ಕಡಿಮೆ. ಉಳಿದವರು ಎರಡು ಬೇರೆ ಜಾಗಗಳಲ್ಲಿ ಎರಡು ಗಡಿಯಾರಗಳನ್ನು ಇಟ್ಟು ಅಳೆಯಬೇಕು, ಅವರ ಉತ್ತರ ಗ್ಯಾಮಾದಷ್ಟು ಪಟ್ಟು ದೊಡ್ಡದು. ಘಟನೆಗಳನ್ನು ಬರೆಯದ ಉತ್ತರಕ್ಕೆ, ಸಂಖ್ಯೆ ಸರಿ ಬಂದಿದ್ದರೂ, ಪೂರ್ತಿ ಅಂಕ ಕೊಡಬೇಡಿ ಎಂಬುದು ನಮ್ಮ ಸಲಹೆ.

ಪ್ರಶ್ನೆ: ನೌಕೆಯವರಿಗೆ ನಮ್ಮ ಗಡಿಯಾರ ನಿಧಾನ, ನಮಗೆ ನೌಕೆಯವರದು ನಿಧಾನ. ಎರಡೂ ಹೇಗೆ ಸರಿಯಾಗುತ್ತದೆ? 'ಎಲ್ಲವೂ ಸಾಪೇಕ್ಷ' ಎಂದು ಹೇಳಿ ದಾಟಿಸುವುದು ನನಗೇ ಸಮಾಧಾನ ಕೊಡುತ್ತಿಲ್ಲ.

ದಾಟಿಸಲೇಬಾರದ ಜಾಗ ಇದು. ಪಾಠದ ತಿರುಳೇ ಇಲ್ಲಿದೆ. ಒಂದು ಲೆಕ್ಕವನ್ನು ಕೊನೆಯವರೆಗೂ ಮಾಡಿಸಿ.

ಅ, ಬ ಎಂಬ ಎರಡು ನಿಲ್ದಾಣಗಳು. ನಡುವಿನ ಅಂತರ 3 ಬೆಳಕಿನ ಗಂಟೆ, ಎಂದರೆ ಬೆಳಕು 3 ಗಂಟೆಯಲ್ಲಿ ಸಾಗುವ ದೂರ. ಎರಡೂ ಕಡೆಯ ಗಡಿಯಾರಗಳನ್ನು ನಿಲ್ದಾಣದವರು ಸರಿಹೊಂದಿಸಿಟ್ಟಿದ್ದಾರೆ. 0.6 ವೇಗದ ನೌಕೆ ಅ ನಿಲ್ದಾಣವನ್ನು ದಾಟುವಾಗ ಅಲ್ಲಿನ ಗಡಿಯಾರದಲ್ಲೂ ನೌಕೆಯ ಗಡಿಯಾರದಲ್ಲೂ ಸೊನ್ನೆ. ಬ ತಲುಪಲು ನಿಲ್ದಾಣದವರ ಲೆಕ್ಕದಲ್ಲಿ 3 ÷ 0.6 = 5 ಗಂಟೆ. ಹಾಗಾಗಿ ನೌಕೆ ಬ ಮುಟ್ಟಿದಾಗ ಬ ಗಡಿಯಾರದಲ್ಲಿ 5. ನೌಕೆಯ ಗಡಿಯಾರ ಎರಡೂ ಘಟನೆಗಳಲ್ಲಿ ಹಾಜರಿತ್ತು, ಅದರಲ್ಲಿ 5 ÷ 1.25 = 4. ನಿಲ್ದಾಣದವರು 'ನೌಕೆಯ ಗಡಿಯಾರ ನಿಧಾನ' ಎನ್ನುತ್ತಾರೆ. ಸರಿ.

ಈಗ ನೌಕೆಯ ಕಡೆಯಿಂದ. ನಿಲ್ದಾಣಗಳು ಓಡುತ್ತಿವೆ, ಚಲನೆಯ ದಿಕ್ಕಿನ ಉದ್ದ ಗ್ಯಾಮಾದಿಂದ ಭಾಗಿಸಿದಷ್ಟಕ್ಕೆ ಕುಗ್ಗುವುದರಿಂದ ಅವುಗಳ ನಡುವಿನ ದೂರ 3 ÷ 1.25 = 2.4 ಬೆಳಕಿನ ಗಂಟೆಯಾಗಿದೆ, 0.6 ವೇಗದಲ್ಲಿ ಅದು 4 ಗಂಟೆಯ ದಾರಿ. ಈ 4 ಗಂಟೆಯಲ್ಲಿ ಓಡುವ ನಿಲ್ದಾಣದ ಗಡಿಯಾರಗಳು ನಿಧಾನವಾಗಿ 4 ÷ 1.25 = 3.2 ಗಂಟೆ ಮಾತ್ರ ಮುಂದುವರಿದಿವೆ. ಆದರೆ ಬ ಗಡಿಯಾರದಲ್ಲಿ 5 ಇದ್ದದ್ದು ಎಲ್ಲರ ಕಣ್ಣೆದುರಿನ ಸತ್ಯ. ಉಳಿದ 1.8 ಗಂಟೆ ಎಲ್ಲಿಂದ ಬಂತು?

ನೌಕೆ ಅ ದಾಟುವ ಗಳಿಗೆಯಲ್ಲೇ, ನೌಕೆಯವರ ಲೆಕ್ಕದಲ್ಲಿ, ಬ ಗಡಿಯಾರ 1.8 ಗಂಟೆ ಮುಂದಿತ್ತು. ಏಕೆಂದರೆ ನಿಲ್ದಾಣದವರು ಗಡಿಯಾರ ಹೊಂದಿಸಿದ ಕ್ರಮವನ್ನೇ ನೋಡಿ: ನಟ್ಟನಡುವೆ ಒಂದು ದೀಪ ಮಿಂಚಿಸಿ, ಬೆಳಕು ತಲುಪಿದಾಗ ಎರಡನ್ನೂ ಚಾಲೂ ಮಾಡಿದರು. ನೌಕೆಯಿಂದ ನೋಡಿದರೆ ಬ ಆ ಬೆಳಕಿಗೆ ಎದುರಾಗಿ ಬರುತ್ತಿದೆ, ಅ ಅದರಿಂದ ದೂರ ಓಡುತ್ತಿದೆ. ಬೆಳಕು ಬ ನಿಲ್ದಾಣವನ್ನು ಮೊದಲು ಮುಟ್ಟಿತು, ಅದರ ಗಡಿಯಾರ ಮೊದಲು ಶುರುವಾಯಿತು. ಎಷ್ಟು ಮುಂದೆ ಎಂಬುದಕ್ಕೆ ನಿಲ್ದಾಣದವರ ಅಳತೆಯ ದೂರವನ್ನು ವೇಗದ ಭಾಗದಿಂದ ಗುಣಿಸಿದರೆ ಸಾಕು: 3 × 0.6 = 1.8. ಇದಕ್ಕೆ 3.2 ಸೇರಿಸಿದರೆ ಸರಿಯಾಗಿ 5.

ಇಬ್ಬರೂ ಸುಳ್ಳು ಹೇಳಲಿಲ್ಲ. 'ಅದೇ ಹೊತ್ತಿಗೆ ಅಲ್ಲಿ ಎಷ್ಟಾಗಿತ್ತು' ಎಂಬ ಪ್ರಶ್ನೆಗೆ ಇಬ್ಬರ ಉತ್ತರ ಬೇರೆ, ಅಷ್ಟೇ. ಕಾಲ ಹಿಗ್ಗುವುದು, ಉದ್ದ ಕುಗ್ಗುವುದು, ಏಕಕಾಲಿಕತೆ ಕೆಡುವುದು, ಈ ಮೂರನ್ನೂ ಒಟ್ಟಿಗೆ ತೆಗೆದುಕೊಂಡರೆ ಮಾತ್ರ ಲೆಕ್ಕ ಕೂಡುತ್ತದೆ. ಪಾಠದಲ್ಲಿ ಮೂರನೆಯದನ್ನು ಸಮಯವಿಲ್ಲವೆಂದು ಬಿಟ್ಟರೆ ಮೊದಲನೆಯದು ವಿದ್ಯಾರ್ಥಿಗೆ ಒಗಟಾಗಿಯೇ ಉಳಿಯುತ್ತದೆ. ಸಮಯ ಕಡಿಮೆಯಿದ್ದರೆ ಬೇರೆ ಏನನ್ನಾದರೂ ಬಿಡಿ, ಇದನ್ನಲ್ಲ.

ಪ್ರಶ್ನೆ: ಅವಳಿಗಳಲ್ಲಿ ಒಬ್ಬ ಮನೆಯಲ್ಲೇ ಉಳಿದು ಇನ್ನೊಬ್ಬ ನೌಕೆಯಲ್ಲಿ ದೂರ ಹೋಗಿ ಬರುವ ಕಥೆಯಲ್ಲಿ, ಹೋಗಿ ಬಂದವನೇ ಚಿಕ್ಕವನಾಗಿ ಉಳಿಯುವುದು ವೇಗೋತ್ಕರ್ಷದಿಂದ, ಅದಕ್ಕೆ ಸಾಮಾನ್ಯ ಸಾಪೇಕ್ಷತೆ (ಐನ್‌ಸ್ಟೈನ್‌ನ ಗುರುತ್ವದ ಸಿದ್ಧಾಂತ) ಬೇಕು ಎನ್ನುತ್ತಾರೆ. ಹೌದೇ?

ಬೇಡ. ವಿಶೇಷ ಸಾಪೇಕ್ಷತೆಯೇ ಸಾಕು. ತಿರುಗಿ ಬಂದವನು ಒಂದೇ ಜಡತ್ವ ಚೌಕಟ್ಟಿನಲ್ಲಿ, ಅಂದರೆ ಒಂದೇ ಸಮವೇಗದ ಸ್ಥಿತಿಯಲ್ಲಿ, ಉಳಿಯಲಿಲ್ಲ, ಮನೆಯಲ್ಲಿದ್ದವನು ಉಳಿದ. ವ್ಯತ್ಯಾಸ ಅಲ್ಲಿದೆ. ವೇಗೋತ್ಕರ್ಷ ಗಡಿಯಾರವನ್ನು ಹಿಡಿದು ನಿಧಾನ ಮಾಡುವುದಿಲ್ಲ. ಯುರೋಪಿನ ಕಣಭೌತ ಪ್ರಯೋಗಾಲಯ ಸೆರ್ನ್‌ನಲ್ಲಿ 14 ಮೀಟರ್ ವ್ಯಾಸದ ಉಂಗುರದಲ್ಲಿ ಮ್ಯೂಆನ್‌ಗಳನ್ನು ಸುತ್ತಿಸಿ 1977ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಗ್ಯಾಮಾ 29.3, ಅಳೆದ ಸರಾಸರಿ ಆಯಸ್ಸು 64.4 ಮೈಕ್ರೊಸೆಕೆಂಡ್. ನಿಂತ ಮ್ಯೂಆನ್‌ನ 2.197 ಮೈಕ್ರೊಸೆಕೆಂಡನ್ನು 29.3ರಿಂದ ಗುಣಿಸಿದರೆ ಅದೇ ಸಂಖ್ಯೆ. ಆ ಉಂಗುರದಲ್ಲಿ ಮ್ಯೂಆನ್ ಅನುಭವಿಸುವ ವೇಗೋತ್ಕರ್ಷ ಭೂಗುರುತ್ವದ 10ರ ಘಾತ 18ರಷ್ಟು ಪಟ್ಟು. ಅಷ್ಟಿದ್ದೂ ಆಯಸ್ಸನ್ನು ನಿರ್ಧರಿಸಿದ್ದು ವೇಗವೊಂದೇ.

ತರಗತಿಯಲ್ಲಿ ಸಂದೇಶ ಎಣಿಸುವ ವಿಧಾನ ಬಳಸಿ, ವಾದಕ್ಕೆ ಜಾಗವೇ ಇರುವುದಿಲ್ಲ. ಗುರಿ 4 ಜ್ಯೋತಿರ್ವರ್ಷ ದೂರ, ವೇಗ 0.8. ಮನೆಯವನ ಲೆಕ್ಕ: ಹೋಗಲು 5 ವರ್ಷ, ಬರಲು 5. ಪ್ರಯಾಣಿಕನಿಗೆ 3 ಮತ್ತು 3. ಇಬ್ಬರೂ ತಮ್ಮ ಗಡಿಯಾರದಂತೆ ವರ್ಷಕ್ಕೊಂದು ರೇಡಿಯೊ ಸಂದೇಶ ಕಳಿಸುತ್ತಾರೆ. ಈ ವೇಗದಲ್ಲಿ ಡಾಪ್ಲರ್ ಅಂಶ 3: ದೂರ ಸರಿಯುವಾಗ ಸಂದೇಶ 3 ವರ್ಷಕ್ಕೊಂದು, ಹತ್ತಿರ ಬರುವಾಗ ವರ್ಷಕ್ಕೆ 3.

ಪ್ರಯಾಣಿಕನಿಗೆ ಹೋಗುವ 3 ವರ್ಷಗಳಲ್ಲಿ 1 ಸಂದೇಶ, ಅದೂ ತಿರುಗುವ ಗಳಿಗೆಯಲ್ಲಿ. ಬರುವ 3 ವರ್ಷಗಳಲ್ಲಿ 9. ಒಟ್ಟು 10, ಅಂದರೆ ಮನೆಯಲ್ಲಿ 10 ವರ್ಷ ಕಳೆದಿದೆ. ಮನೆಯವನಿಗೋ ಪ್ರಯಾಣಿಕ ತಿರುಗಿದ ಸುದ್ದಿ ಮುಟ್ಟುವುದೇ 5 + 4 = 9ನೆಯ ವರ್ಷಕ್ಕೆ. ಅಲ್ಲಿಯವರೆಗೆ 3 ಸಂದೇಶ, ಕೊನೆಯ ಒಂದೇ ವರ್ಷದಲ್ಲಿ ಉಳಿದ 3. ಒಟ್ಟು 6. ಪ್ರಯಾಣಿಕನಿಗೆ ತಿರುಗಿದ ಕ್ಷಣದಿಂದಲೇ ಸಂದೇಶಗಳು ಬರುವ ದರ ಬದಲಾಯಿತು, ಮನೆಯವನಿಗೆ ಬದಲಾವಣೆ ಬಹಳ ತಡವಾಗಿ ಬಂತು. ಇಬ್ಬರ ಸ್ಥಿತಿ ಒಂದೇ ಅಲ್ಲ ಎಂಬುದು ಎಣಿಕೆಯಲ್ಲೇ ಕಾಣುತ್ತದೆ.

ಇದರ ಜೊತೆಗೇ ಇನ್ನೊಂದು ತಪ್ಪನ್ನೂ ತಿದ್ದಬಹುದು. ಹತ್ತಿರ ಬರುತ್ತಿರುವ ಗಡಿಯಾರ ಕಣ್ಣಿಗೆ ವೇಗವಾಗಿಯೇ ಕಾಣುತ್ತದೆ. 'ಓಡುವ ಗಡಿಯಾರ ನಿಧಾನ' ಎಂಬುದು ಬೆಳಕು ಬರಲು ಹಿಡಿದ ಸಮಯವನ್ನು ಕಳೆದ ಮೇಲಿನ ಅಳತೆ, ಕಣ್ಣಿಗೆ ಕಾಣುವ ನೋಟವಲ್ಲ.

ಪ್ರಶ್ನೆ: ನಿಜವಾದ ಪ್ರಯೋಗದ ಅಂಕಿಗಳನ್ನು ಕೊಟ್ಟು ಮಾಡಿಸಬಹುದಾದ ಒಂದು ಲೆಕ್ಕ ಬೇಕು.

ಡೇವಿಡ್ ಫ್ರಿಷ್ ಮತ್ತು ಜೇಮ್ಸ್ ಸ್ಮಿತ್ 1963ರಲ್ಲಿ ಪ್ರಕಟಿಸಿದ ಮ್ಯೂಆನ್ ಎಣಿಕೆಯನ್ನು ಮೀರಿಸುವಂಥದ್ದು ನಮ್ಮ ಅಭಿಪ್ರಾಯದಲ್ಲಿ ಇನ್ನೊಂದಿಲ್ಲ. ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲೆ, ಬೆಳಕಿನ ವೇಗದ 0.9950ರಿಂದ 0.9954ರಷ್ಟು ವೇಗದ ಮ್ಯೂಆನ್‌ಗಳನ್ನು ಮಾತ್ರ ಕಬ್ಬಿಣದ ದಪ್ಪ ಪದರದ ಮೂಲಕ ಆರಿಸಿ ಎಣಿಸಿದರು: ಗಂಟೆಗೆ ಸುಮಾರು 563. ಅದಕ್ಕಿಂತ 1,907 ಮೀಟರ್ ಕೆಳಗೆ, ಸಮುದ್ರಮಟ್ಟದಲ್ಲಿ, ಗಂಟೆಗೆ ಸುಮಾರು 408.

ಮೊದಲು ಕಾಲ ಹಿಗ್ಗುವುದಿಲ್ಲವೆಂದೇ ಲೆಕ್ಕ ಮಾಡಿಸಿ. 1,907 ಮೀಟರ್ ಇಳಿಯಲು 6.39 ಮೈಕ್ರೊಸೆಕೆಂಡ್. ಸರಾಸರಿ ಆಯಸ್ಸು 2.197. ಭಾಗಿಸಿದರೆ 2.91. ಘಾತೀಯ ಕ್ಷಯದಂತೆ ಉಳಿಯಬೇಕಾದದ್ದು ನೂರಕ್ಕೆ 5.5, ಅಂದರೆ 31 ಮ್ಯೂಆನ್. ಬಂದದ್ದು 408! ಆಮೇಲೆ ಹಿಂದಿನಿಂದ ಬನ್ನಿ. 563 ÷ 408ರ ಸ್ವಾಭಾವಿಕ ಲಾಗರಿದಮ್ 0.322. ಅದನ್ನು 2.197ರಿಂದ ಗುಣಿಸಿದರೆ ಮ್ಯೂಆನ್‌ನ ಸ್ವಂತ ಗಡಿಯಾರದಲ್ಲಿ ಕಳೆದದ್ದು 0.71 ಮೈಕ್ರೊಸೆಕೆಂಡ್ ಮಾತ್ರ. 6.39 ÷ 0.71 ಸುಮಾರು 9.

ಸೂತ್ರಕ್ಕೆ 0.9952 ಹಾಕಿದರೆ 10.2 ಬರುತ್ತದೆ. ಚುರುಕಾದ ವಿದ್ಯಾರ್ಥಿ ಇದನ್ನು ಹಿಡಿಯುತ್ತಾನೆ, ಹಿಡಿದಾಗ 'ಪ್ರಯೋಗದ ದೋಷ' ಎಂದು ತಳ್ಳಿಹಾಕಬೇಡಿ. ದಾರಿಯಲ್ಲಿನ ಸುಮಾರು ಎರಡು ಕಿಲೋಮೀಟರ್ ಗಾಳಿಯಲ್ಲಿ ಮ್ಯೂಆನ್ ಶಕ್ತಿ ಕಳೆದುಕೊಂಡು ನಿಧಾನವಾಗುತ್ತದೆ. ಹಾಗಾಗಿ ದಾರಿಯುದ್ದದ ಸರಾಸರಿ ಗ್ಯಾಮಾ 10ಕ್ಕಿಂತ ಕಡಿಮೆಯೇ ಇರಬೇಕು.

ಇಲ್ಲಿ ಪದೇ ಪದೇ ಆಗುವ ತಪ್ಪು ಒಂದಿದೆ: 2.197ನ್ನು ಅರ್ಧಾಯು ಎಂದು ತಿಳಿದು ಎರಡರ ಘಾತಗಳಲ್ಲಿ ಲೆಕ್ಕ ಮಾಡುವುದು. ಅದು ಸರಾಸರಿ ಆಯಸ್ಸು. ಅರ್ಧಾಯು 1.52 ಮೈಕ್ರೊಸೆಕೆಂಡ್. ಇನ್ನು, ಮ್ಯೂಆನ್‌ನ ದೃಷ್ಟಿಯಿಂದ ಅದರ ಆಯಸ್ಸು ಹಿಗ್ಗಿಲ್ಲ, ಬೆಟ್ಟವೇ ಸುಮಾರು 210 ಮೀಟರಿಗೆ ಕುಗ್ಗಿದೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿಸಿ.

ಪ್ರಶ್ನೆ: ವಿಮಾನದ ವೇಗ ಹಾಕಿದರೆ ಕ್ಯಾಲ್ಕುಲೇಟರ್ ಗ್ಯಾಮಾ 1 ಎಂದೇ ತೋರಿಸುತ್ತದೆ.

ಅದರಲ್ಲಿರುವ ಹತ್ತು ಹನ್ನೆರಡು ಅಂಕಿಗಳ ಜಾಗ ಸಾಲದು. ಕಡಿಮೆ ವೇಗಕ್ಕೆ ಗ್ಯಾಮಾದಲ್ಲಿ 1ರ ಮೇಲಿನ ಹೆಚ್ಚಳ ವೇಗದ ಭಾಗದ ವರ್ಗದ ಅರ್ಧ. ಸೆಕೆಂಡಿಗೆ 250 ಮೀಟರ್ ಎಂದರೆ ಆ ಹೆಚ್ಚಳ ಸುಮಾರು 3.5 × 10ರ ಘಾತ −13. ಹತ್ತು ಗಂಟೆ ಹಾರಾಟಕ್ಕೆ 12.5 ನ್ಯಾನೊಸೆಕೆಂಡ್. ಹಾಫೆಲೆ ಮತ್ತು ಕೀಟಿಂಗ್ 1971ರಲ್ಲಿ ಸೀಸಿಯಂ ಪರಮಾಣು ಗಡಿಯಾರಗಳನ್ನು ವಿಮಾನಗಳಲ್ಲಿ ಭೂಮಿ ಸುತ್ತಿಸಿದಾಗ ಪೂರ್ವಕ್ಕೆ ಹೋದವು 59 ನ್ಯಾನೊಸೆಕೆಂಡ್ ಹಿಂದೆ ಬಿದ್ದವು, ಪಶ್ಚಿಮಕ್ಕೆ ಹೋದವು 273 ಮುಂದೆ ಹೋದವು. ಎರಡು ದಿಕ್ಕಿಗೆ ಎರಡು ಉತ್ತರ ಏಕೆಂದರೆ ಭೂಮಿಯೇ ತಿರುಗುತ್ತಿದೆ, ಜೊತೆಗೆ ಗುರುತ್ವದ ಪರಿಣಾಮದಿಂದ ಎತ್ತರದಲ್ಲಿ ಗಡಿಯಾರ ವೇಗವಾಗುತ್ತದೆ. ಬರೀ ವೇಗದ ಸೂತ್ರದಿಂದ ಈ ಸಂಖ್ಯೆಗಳು ಬರುವುದಿಲ್ಲ, ಮೊದಲೇ ಎಚ್ಚರಿಸಿ.

ಪ್ರಶ್ನೆ: ಸಾಪೇಕ್ಷತೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಜಿಪಿಎಸ್ ದಿನಕ್ಕೆ 11 ಕಿಲೋಮೀಟರ್ ತಪ್ಪು ಜಾಗ ತೋರಿಸುತ್ತದೆ ಎಂದು ಪಾಠದಲ್ಲಿ ಹೇಳಬಹುದೇ?

ಹಾಗೆಯೇ ಹೇಳಬೇಡಿ. ಉಪಗ್ರಹದ ವೇಗದಿಂದ ಅದರ ಗಡಿಯಾರ ದಿನಕ್ಕೆ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ, 20,200 ಕಿ.ಮೀ. ಎತ್ತರದಿಂದಾಗಿ 45 ಮುಂದೆ ಹೋಗುತ್ತದೆ, ನಿವ್ವಳ 38 ಮುಂದೆ. ಇದನ್ನು ಬೆಳಕಿನ ವೇಗದಿಂದ ಗುಣಿಸಿದರೆ 11 ಕಿ.ಮೀ. ಬರುವುದು ನಿಜ, ಆದರೆ ಅದು ಒಂದೊಂದು ಉಪಗ್ರಹದ ದೂರದಲ್ಲಿ ಬರುವ ತಪ್ಪು. ಎಲ್ಲ ಉಪಗ್ರಹಗಳೂ ಹೆಚ್ಚುಕಡಿಮೆ ಒಂದೇ ಸಮ ಮುಂದೋಡುವುದರಿಂದ, ರಿಸೀವರ್ ತನ್ನ ಸ್ವಂತ ಗಡಿಯಾರದ ತಪ್ಪನ್ನು ಬಿಡಿಸುವಾಗ ಇದರ ಬಹುಪಾಲು ಅದರಲ್ಲೇ ಸೇರಿಹೋಗುತ್ತದೆ. 'ದೂರದ ಅಳತೆಯಲ್ಲಿ ದಿನಕ್ಕೆ 11 ಕಿ.ಮೀ.' ಎಂದರೆ ಸರಿ. ಉಪಗ್ರಹ ಹಾರಿಸುವ ಮೊದಲೇ ಅದರ 10.23 ಮೆಗಾಹರ್ಟ್ಸ್ ಗಡಿಯಾರವನ್ನು 10.22999999543ಕ್ಕೆ ಇಳಿಸಿ ಹೊಂದಿಸುತ್ತಾರೆ. ಮಕ್ಕಳಿಗೆ ಈ ಸಂಖ್ಯೆಯನ್ನು ಕೊಟ್ಟು 38 ಮೈಕ್ರೊಸೆಕೆಂಡನ್ನು ಅವರೇ ಕಂಡುಹಿಡಿಯುವಂತೆ ಮಾಡಿ.

ಪ್ರಶ್ನೆ: ಶಾಲೆಯಲ್ಲಿ ಮ್ಯೂಆನ್ ತೋರಿಸಲು ಸಾಧ್ಯವೇ?

ಮೋಡದ ಪೆಟ್ಟಿಗೆ ಮಾಡಿ ತೋರಿಸಬಹುದು. ಪಾರದರ್ಶಕ ಪೆಟ್ಟಿಗೆಯ ಒಳಗೆ ಮೇಲ್ಭಾಗದಲ್ಲಿ ಉಣ್ಣೆಬಟ್ಟೆಯ ಪಟ್ಟಿ ಅಂಟಿಸಿ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ನೆನೆಸಿ. ಕಪ್ಪು ಬಣ್ಣದ ಲೋಹದ ತಟ್ಟೆಯ ಮೇಲೆ ಪೆಟ್ಟಿಗೆಯನ್ನು ಬೋರಲು ಹಾಕಿ, ಅಂಚನ್ನು ಗಾಳಿಯಾಡದಂತೆ ಮುಚ್ಚಿ, ತಟ್ಟೆಯನ್ನು −78 ಡಿಗ್ರಿಯ ಒಣಮಂಜುಗಡ್ಡೆಯ (ಘನರೂಪದ ಕಾರ್ಬನ್ ಡೈಆಕ್ಸೈಡ್) ಮೇಲಿಡಿ. ಕೋಣೆ ಕತ್ತಲಾಗಿಸಿ, ಟಾರ್ಚನ್ನು ಪಕ್ಕದಿಂದ, ತಟ್ಟೆಗೆ ಸಮಾನಾಂತರವಾಗಿ ಬಿಡಿ. ಹತ್ತು ಹದಿನೈದು ನಿಮಿಷದಲ್ಲಿ ತಟ್ಟೆಯ ಮೇಲಿನ ತೆಳುವಾದ ಮಂಜಿನ ಪದರದಲ್ಲಿ ಗೆರೆಗಳು ಮೂಡತೊಡಗುತ್ತವೆ. ನೇರ, ತೆಳು, ಉದ್ದನೆಯ ಗೆರೆಗಳಲ್ಲಿ ಹಲವು ಮ್ಯೂಆನ್‌ಗಳವು. ದಪ್ಪ, ಗಿಡ್ಡ ಗೆರೆ ಆಲ್ಫಾ ಕಣದ್ದು, ಅಂಕುಡೊಂಕಾದದ್ದು ಎಲೆಕ್ಟ್ರಾನಿನದು.

ಏನೂ ಕಾಣದಿದ್ದರೆ ಮೊದಲು ಆಲ್ಕೊಹಾಲ್ ಬಾಟಲಿ ನೋಡಿ. ಶೇಕಡಾ 70ರದ್ದು ನಡೆಯುವುದಿಲ್ಲ, ಅದರಲ್ಲಿ ನೀರು ಹೆಚ್ಚು. ಶೇಕಡಾ 99ರದ್ದೇ ಬೇಕು. ಆಮೇಲೆ ಅಂಚಿನ ಸೋರಿಕೆ, ಆಮೇಲೆ ತಟ್ಟೆ ಮತ್ತು ಮಂಜುಗಡ್ಡೆಯ ನಡುವಿನ ಅಂತರ. ಒಣಮಂಜುಗಡ್ಡೆಯನ್ನು ಬರಿಗೈಯಲ್ಲಿ ಮುಟ್ಟಬಾರದು, ಮುಚ್ಚಿದ ಡಬ್ಬಿಯಲ್ಲಿ ಇಡಬಾರದು, ಕೋಣೆಗೆ ಗಾಳಿ ಬರುತ್ತಿರಬೇಕು. ಆಲ್ಕೊಹಾಲ್ ಹತ್ತಿರ ಬೆಂಕಿ ಬೇಡ.

ಈ ಗೆರೆಗಳಿಂದ ವೇಗವೂ ತಿಳಿಯದು, ಆಯಸ್ಸೂ ತಿಳಿಯದು, ಹಾಗಾಗಿ ಇದನ್ನು ಕಾಲ ಹಿಗ್ಗುವಿಕೆಯ ಪುರಾವೆ ಎನ್ನಬೇಡಿ. ಗೆರೆಯನ್ನು ತೋರಿಸಿ ಪ್ರಶ್ನೆ ಕೇಳಿ: ಈ ಕಣ ಹುಟ್ಟಿದ್ದು ಸುಮಾರು 15 ಕಿ.ಮೀ. ಮೇಲೆ. 2.197 ಮೈಕ್ರೊಸೆಕೆಂಡಿನಲ್ಲಿ ಬೆಳಕೇ ಸಾಗುವುದು 659 ಮೀಟರ್. ಹಾಗಿದ್ದರೆ ಇದು ಇಲ್ಲಿಗೆ ಬಂದದ್ದು ಹೇಗೆ? 0.995 ವೇಗಕ್ಕೆ ಲೆಕ್ಕ ಮಾಡಿದರೆ, ಕಾಲ ಹಿಗ್ಗದಿದ್ದಲ್ಲಿ ಸಾವಿರ ಕೋಟಿಗೆ ಒಂದರಷ್ಟು ಮಾತ್ರ ನೆಲ ಮುಟ್ಟಬೇಕು, ಹಿಗ್ಗಿದರೆ ಹತ್ತಕ್ಕೆ ಒಂದು. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬೀಳುತ್ತದೆ ಎಂಬ ಅಳತೆಯನ್ನು ಕೊಟ್ಟು, ಮೊದಲ ಲೆಕ್ಕ ಸರಿಯಾಗಿದ್ದರೆ ಮೇಲೆ ಎಷ್ಟು ಹುಟ್ಟಬೇಕಿತ್ತು ಎಂದು ಅವರೇ ಬರೆಯಲಿ.